ಒಂದು ಬೆರಳು ಕಡಿಮೆ

ಎಂಟನೆಯ ಸುತ್ತಿನಲ್ಲಿ ಬಾನೆಟ್ಟಿನ ಸಂದಿಯಿಂದ ಮತ್ತೆ ಹೊಗೆ ಎದ್ದಿತು. ಬಸ್ಸಕ್ಕ ಹಲ್ಲು ಕಚ್ಚಿಕೊಂಡು ಕಾರನ್ನು ಟ್ರ್ಯಾಕಿನಿಂದ ಹೊರಗೆ ತಿರುಗಿಸಿ ಶೆಡ್ಡಿನ ಮುಂದೆ ತಂದು ನಿಲ್ಲಿಸಿದಳು. ಬಾನೆಟ್ ಎತ್ತಿದರೆ ಅದೇ ಹಳೆಯ ಕಥೆ. ಸ್ಟಿಯರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳದ ಸುತ್ತ ಕೆಂಪು ಎಣ್ಣೆ ಉಕ್ಕಿ, ಕೆಳಗಿನ ಬಿಸಿ ಕೊಳವೆಯ ಮೇಲೆ ಬಿದ್ದು ಚುರುಗುಟ್ಟುತ್ತಿತ್ತು.

ಅವಳು ಇಪ್ಪತ್ತಾರು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತಿಯಾದವಳು, ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಬಸ್ಸಕ್ಕ. ಸ್ಟಾಪಿನಿಂದ ಸ್ಟಾಪಿಗೆ ಬ್ರೇಕು ತುಳಿದು ತುಳಿದು ಸಾಕಾಗಿ ಹೋಗಿದ್ದವಳಿಗೆ ಉಳಿದಿದ್ದು ಒಂದೇ ಆಸೆ: ಯಾರೂ ಹತ್ತದ, ಯಾರೂ ಇಳಿಯದ ರಸ್ತೆಯಲ್ಲಿ ಇಪ್ಪತ್ತು ಸುತ್ತು ಎಲ್ಲೂ ನಿಲ್ಲಿಸದೆ ಓಡಿಸಬೇಕು. ತಿಂಗಳಿಗೊಂದು ಭಾನುವಾರ ಟ್ರ್ಯಾಕು ಎಲ್ಲರಿಗೂ ತೆರೆದಿರುತ್ತದೆ. ಹಿಂದಿನ ಎರಡು ಭಾನುವಾರವೂ ಎಂಟನೆಯ ಸುತ್ತಿಗೇ ಎಣ್ಣೆ ಕುದಿದು, ಸ್ಟಿಯರಿಂಗ್ ಕಲ್ಲಿನಂತೆ ಬಿಗಿದು, ಆಪರೇಷನ್ ಆಗಿದ್ದ ಬಲಭುಜವನ್ನು ಒತ್ತಿಕೊಳ್ಳುತ್ತ ಮನೆಗೆ ಹೋಗಿದ್ದಳು.

ಗಂಡ ಫ್ರಿಜ್ ರಿಪೇರಿಯವನು. ಕಾದದ್ದನ್ನು ತಣ್ಣಗೆ ಮಾಡುವುದೇ ಕಸುಬಾದವನ ಕಣ್ಣೆದುರು ಹೆಂಡತಿಯ ಕಾರು ಕುದಿಯುವುದೆಂದರೆ ಅವನಿಗೆ ಅನ್ನ ಇಳಿಯಲಿಲ್ಲ. ಎಣ್ಣೆ ಸುತ್ತಿ ಬಂದು ಡಬ್ಬಿಗೆ ಸೇರುವ ದಾರಿಯಲ್ಲಿ ತಾಮ್ರದ ಕೊಳವೆಯ ಸುರುಳಿ ಮಾಡಿ, ಅದಕ್ಕೆ ತೆಳು ತಗಡಿನ ರೆಕ್ಕೆಗಳನ್ನು ಕೂರಿಸಿ, ಎದುರುಗಾಳಿ ನೇರವಾಗಿ ಬಡಿಯುವ ಕಡೆ ಕಟ್ಟಿದ್ದ. ಎಣ್ಣೆ ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳಿನ ಮೀಟರೊಂದನ್ನೂ ಸ್ಟಿಯರಿಂಗಿನ ಪಕ್ಕದಲ್ಲಿ ಅಂಟಿಸಿದ್ದ. ಇಡೀ ತಿಂಗಳು ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡಳು.

ಟ್ರ್ಯಾಕಿನ ತಪಾಸಣೆಗಾರ ಬಂದು ನೆಲದ ಮೇಲಿನ ಎಣ್ಣೆಯನ್ನು ನೋಡಿದ. "ಬಸ್ಸಕ್ಕ, ಇದು ಶೆಡ್ಡಿನ ಮುಂದೆ ಚೆಲ್ಲಿದೆ ಅಂತ ಬಿಡ್ತಾ ಇದೀನಿ. ಮಧ್ಯಾಹ್ನ ಮತ್ತೆ ಓಡಿಸೋವಾಗ ಟ್ರ್ಯಾಕ್ ಮೇಲೆ ಒಂದು ತೊಟ್ಟು ಬಿದ್ರೂ ಈ ಕಾರನ್ನ ಇನ್ಮೇಲೆ ಗೇಟೊಳಗೆ ಬಿಡಕ್ಕಾಗಲ್ಲ. ಹಿಂದೆ ಬರೋರು ಜಾರಿದ್ರೆ ಏನ್ ಗತಿ ಹೇಳಿ."

ಅವನು ಆಚೆ ಹೋದ ಮೇಲೆ ಗಂಡನ ಮುಖ ನೋಡುವಂತಿರಲಿಲ್ಲ. "ನನ್ನ ಸುರುಳಿ ಕೈಕೊಡ್ತು ಕಣೇ," ಎಂದ. "ಮನೆಗೆ ಹೋಗೋಣ ಬಾ. ನಿನ್ನ ಭುಜಕ್ಕಿಂತ ಇದೇನು ದೊಡ್ಡದಲ್ಲ."

"ಕೈಕೊಟ್ಟಿದ್ರೆ ಸ್ಟಿಯರಿಂಗ್ ಬಿಗೀಬೇಕಿತ್ತಲ್ಲ? ಇವತ್ತು ಒಂದೇ ಬೆರಳಲ್ಲಿ ತಿರುಗ್ತಿತ್ತು ಕಣ್ರೀ. ನಿಮ್ಮ ಮುಳ್ಳೂ ಕೆಂಪು ಗೆರೆ ಹತ್ರ ಸುಳಿದಿಲ್ಲ."

"ಮತ್ತೆ ಉಕ್ಕಿದ್ದು ಯಾಕೆ?"

ಅದು ಅವಳಿಗೂ ತಿಳಿಯಲಿಲ್ಲ. ಕೈ ಒರೆಸಿಕೊಳ್ಳಲು ಚೀಲದಿಂದ ಟವೆಲು ತೆಗೆದರೆ ಅದು ತೊಪ್ಪೆಯಾಗಿತ್ತು, ಘಮ್ಮೆಂದು ಟೀ ವಾಸನೆ ಬೇರೆ. ಗಂಡ ತುಂಬಿಸಿದ ಫ್ಲಾಸ್ಕು. ಮೂವತ್ತು ವರ್ಷದಿಂದ ಇದೇ ಹಣೆಬರಹ. ಅವನು ಕಟ್ಟಿದ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ, ಅವನು ಕೊಟ್ಟ ಲೋಟವನ್ನು ಎತ್ತುವಂತಿರಲಿಲ್ಲ, ಬಾಗಿ ಒಂದು ಗುಟುಕು ಹೀರಿದ ಮೇಲೆಯೇ ಕೈ ಹಾಕಬೇಕು. ಬೆಳಗಿನ ಪಾಳಿಗೆ ಹೋಗುವವಳಿಗೆ ಎಲ್ಲಿ ಕಡಿಮೆ ಬೀಳುತ್ತದೋ ಎಂಬ ದಿಗಿಲು ಆ ಮನುಷ್ಯನಿಗೆ. ಅವಳು ಒದ್ದೆ ಟವೆಲನ್ನೂ ಎಣ್ಣೆಯ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿದಳು.

"ರೀ, ಬೆಳಿಗ್ಗೆ ಹೊರಡೋ ಮುಂಚೆ ಇದಕ್ಕೆ ಆಯಿಲ್ ಹಾಕಿದ್ರಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಲ್ಲಿ ತನಕ?"

ಅವನು ನೆಲ ನೋಡಿದ. "ಡಬ್ಬಿ ಮೇಲಿನ ಗೆರೆ ತನಕ ಇತ್ತು. ಇಪ್ಪತ್ತು ಸುತ್ತು ಹೋಗ್ಬೇಕಲ್ಲ, ದಾರೀಲಿ ಸಾಲದೆ ಬಂದ್ರೆ ಅಂತ ಬಾಯಿ ತನಕ ಹಾಕ್ದೆ."

"ಕಾದ್ರೆ ಉಬ್ಬುತ್ತೆ, ಉಬ್ಬಕ್ಕೆ ಜಾಗ ಬೇಡ್ವಾ? ಫ್ರಿಜ್ಜಿಗೆ ಗ್ಯಾಸ್ ಜಾಸ್ತಿ ತುಂಬಿಸಿಕೊಂಡು ಬರ್ತಾರೆ ಅಂತ ಗಿರಾಕಿಗಳಿಗೆ ಬೈಯೋರು ನೀವೇ ತಾನೆ?"

"ಅದು ಗಿರಾಕಿಗಳ ಫ್ರಿಜ್ಜು," ಎಂದ ಅವನು ಮೆಲ್ಲಗೆ. "ಇದು ನಿನ್ನ ಕಾರು."

ಬೈಯಬೇಕೆಂದು ಬಾಯಿ ತೆರೆದವಳು, ಇಂಥವನನ್ನು ಬೈದು ಯಾವ ನರಕಕ್ಕೆ ಹೋಗಲಿ ಎಂದುಕೊಂಡು, ನಗುತ್ತಲೇ ಅವನ ಬೆನ್ನಿಗೊಂದು ಗುದ್ದಿದಳು.

ಎಂಜಿನ್ ಪೂರ್ತಿ ಆರುವವರೆಗೆ ಇಬ್ಬರೂ ನೆರಳಿನಲ್ಲಿ ಕೂತರು. ಆಮೇಲೆ ಅವನು ಸಿರಿಂಜಿನಿಂದ ಹೆಚ್ಚಿನ ಎಣ್ಣೆಯನ್ನು ಎಳೆದೆಳೆದು ತೆಗೆದ. ಗೆರೆ ಸಮಕ್ಕೆ ಬರುವಷ್ಟರಲ್ಲಿ ಅವನ ಮುಖ ಮಗುವಿನ ತಟ್ಟೆಯಿಂದ ತುತ್ತು ಕಸಿದವನ ಹಾಗಾಗಿತ್ತು. ಬಸ್ಸಕ್ಕ ಚೆಲ್ಲಿದ್ದನ್ನೆಲ್ಲ ಒರೆಸಿ, ಉಳಿದ ಎಣ್ಣೆಯ ಬಾಟಲಿಯನ್ನು ತಪಾಸಣೆಗಾರನಿಗೆ ಕೊಟ್ಟಳು. "ಇದು ಇವರ ಕೈಗೆ ಸಿಗದ ಹಾಗೆ ಇಟ್ಕೊಂಡಿರಪ್ಪ."

ಮಧ್ಯಾಹ್ನದ ಬಿಸಿಲಿಗೆ ಟ್ರ್ಯಾಕು ಕಾವಲಿಯಾಗಿತ್ತು. ಏಳನೆಯ ಸುತ್ತಿನಲ್ಲಿ ಅವಳ ಮೂಗು ತಾನಾಗಿಯೇ ಸುಟ್ಟ ವಾಸನೆ ಹುಡುಕತೊಡಗಿತು. ಎಂಟನೆಯದರ ದೊಡ್ಡ ತಿರುವಿನಲ್ಲಿ ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದಳು. ಅದು ಹಗುರವಾಗಿಯೇ ತಿರುಗಿತು. ಮುಳ್ಳು ಕೆಂಪು ಗೆರೆಗಿಂತ ಬಹಳ ಕೆಳಗಿತ್ತು. ಮುಂದಿನ ಸುತ್ತು ಶುರುವಾದಾಗ ತಡೆಗೋಡೆಯ ಆಚೆ ಗಂಡ ಎರಡೂ ಕೈಯೆತ್ತಿ ಒಂಬತ್ತು ಬೆರಳು ತೋರಿಸುತ್ತಿದ್ದ. ಹತ್ತರ ನಂತರ ಬೆರಳು ಸಾಲದೆ, ಸುಮ್ಮನೆ ಟವೆಲು ಬೀಸುತ್ತ ನಿಂತ. ಹದಿಮೂರರ ಹೊತ್ತಿಗೆ ಅವಳಿಗೆ ಭುಜವೆಂಬುದೊಂದು ಇದೆ ಎನ್ನುವುದೇ ಮರೆತುಹೋಗಿತ್ತು. ಇಪ್ಪತ್ತು ಮುಗಿದಾಗ ನಿಲ್ಲಿಸಲು ಮನಸ್ಸೇ ಬರಲಿಲ್ಲ.

ತಪಾಸಣೆಗಾರ ಕಾರಿನ ಅಡಿಗೆ ಬಗ್ಗಿ, ಬಿಳಿ ಕಾಗದವೊಂದನ್ನು ಹಾಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಿದ. ಕಾಗದ ಬೆಳ್ಳಗೇ ಇತ್ತು. "ಮುಂದಿನ ತಿಂಗಳು ಬನ್ನಿ, ಬಸ್ಸಕ್ಕ," ಎಂದ.

ಗಂಡ ಬೆಂಚಿನ ಮೇಲೆ ಲೋಟವಿಟ್ಟು, ಫ್ಲಾಸ್ಕಿನಲ್ಲಿ ಉಳಿದಿದ್ದ ಟೀ ಬಗ್ಗಿಸಿದ. ಅಂಚಿಗೆ ಒಂದು ಬೆರಳು ಇರುವಾಗಲೇ ಥಟ್ಟನೆ ಕೈ ತಡೆದು, ಸರಿಯಾಯಿತೇ ಎನ್ನುವಂತೆ ಅವಳ ಮುಖ ನೋಡಿದ.

ಬಸ್ಸಕ್ಕ ಲೋಟವನ್ನು ಮುಟ್ಟಲಿಲ್ಲ. "ಹಾಕ್ರೀ," ಎಂದಳು.

ಅವನು ಹಾಕಿದ. ಟೀ ಅಂಚಿಗೆ ಬಂದು ನಡುಗುತ್ತ ನಿಂತಿತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಮೊದಲ ಗುಟುಕು ಹೀರಿದಳು.