ಬೇಸಿಗೆಯ ಕಂಬಳಿ

ತೊಡೆ ಕಡಿಯುತ್ತಿದೆ, ಚೀಲ ಸವೆದಲ್ಲೆಲ್ಲ ಕಂಬಳಿಯ ಉಣ್ಣೆ ಈಚೆ ಬಂದು ಪಂಚೆಯ ಮೇಲಿಂದಲೇ ಚುಚ್ಚುತ್ತಿದೆ, ತಲೆಯ ಮೇಲೆ ಫ್ಯಾನು ತಿರುಗುತ್ತದೋ ತಿರುಗುವ ನಾಟಕ ಆಡುತ್ತದೋ, ಸುತ್ತಿಗೊಮ್ಮೆ ಕಿರ್ರೆನ್ನುತ್ತದೆ, ಒಂದು ತೊಟ್ಟು ಎಣ್ಣೆ ಬಿಡುವವರಿಲ್ಲ, ಗಲ್ಲಿಗೊಂದು ಎಣ್ಣೆ ಮಿಲ್ಲಿದ್ದ ಚಳ್ಳಕೆರೆಯಲ್ಲಿ ಸರ್ಕಾರಿ ಫ್ಯಾನಿಗೆ ಎಣ್ಣೆಯಿಲ್ಲ, ನಗಬೇಕೋ ಅಳಬೇಕೋ — ರಾಮಾಂಜನೇಯ ಚೀಲವನ್ನು ಈ ತೊಡೆಯಿಂದ ಆ ತೊಡೆಗೆ ಹಾಕಿಕೊಂಡ. ಲೇಬರ್ ಇನ್‌ಸ್ಪೆಕ್ಟರ್ ಮೇಡಂ ಇನ್ನೂ ಬರೆಯುತ್ತಲೇ ಇದ್ದಾರೆ, ಅವರೆದುರು ಕುರ್ಚಿಯಲ್ಲಿ ಮಿಲ್ಲಿನ ಸಾವ್ಕಾರ್ ಮುರುಗೇಂದ್ರಪ್ಪ, ಹಣೆ ತುಂಬ ವಿಭೂತಿ, ಪಕ್ಕದಲ್ಲಿ ಗುಮಾಸ್ತ ಶಾಂತವೀರಪ್ಪ, ಮೂರನೆಯ ಕುರ್ಚಿ ಖಾಲಿ, ಕೂತ್ಕೊಳ್ಳಿ ಅಂತ ಮೇಡಂ ಅದನ್ನೇ ತೋರಿಸಿದ್ದರು, ಇವನು ಹೋಗಿ ಗೋಡೆಗಂಟಿದ ಬೆಂಚಿನ ಮೇಲೆ ಕೂತ, ಸಾವ್ಕಾರರ ಸರಿಸಮ ಕೂರಲು ಕುಂಡಿ ಒಪ್ಪಲಿಲ್ಲ, ಥೂ, ಮಿಲ್ಲು ಮುಚ್ಚಿ ವರ್ಷವಾಗುತ್ತ ಬಂತು, ಇನ್ನೂ ಆಳಿನ ಕುಂಡಿ. ನಾವು ಯಾರನ್ನೂ ತೆಗೆದಿಲ್ಲ ಮೇಡಂ, ಅವರಾಗೇ ಬಿಟ್ಟು ಹೋದ್ರು, ಉಪ್ಪು ತಿಂದ ಋಣಕ್ಕೆ ಅಂತ ಸಾವ್ಕಾರ್ರು ಒಬ್ಬೊಬ್ಬರಿಗೂ ಕಂಬಳಿ ಹೊದಿಸಿ ಮರ್ಯಾದೆ ಮಾಡಿದಾರೆ — ಶಾಂತವೀರಪ್ಪನ ಬಾಯಿಂದ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಬರುತ್ತದೆ. ಅವರಾಗೇ ಬಿಟ್ಟು ಹೋದರಂತೆ. ಅದೊಂದು ಮಾತು ನಿಂತುಬಿಟ್ಟರೆ ನೋಟಿಸಿನ ಸಂಬಳವೂ ಇಲ್ಲ, ಪರಿಹಾರವೂ ಇಲ್ಲ, ಇವನಿಗಷ್ಟೇ ಅಲ್ಲ, ಹೊರಗೆ ಬೇವಿನ ಮರದಡಿ ಬೀಡಿ ಸೇದುತ್ತ ಕೂತಿರುವ ಸೂರಪ್ಪ, ಚಿಕ್ಕಬಸಪ್ಪ, ಯಾರೊಬ್ಬರಿಗೂ ಇಲ್ಲ. ನೀವು ಕಂಬಳಿ ತಗೊಂಡದ್ದು ನಿಜಾನಾ ಎಂದು ಮೇಡಂ ಕೇಳುತ್ತಾರೆ. ನಿಜ, ಇಲ್ಲೇ ಐತಲ್ಲ, ತೊಡೆ ಮೇಲೆ, ಕಡೀತಾ.

ಕಂಬಳಿ ತಗೊಂಡೆ, ಯಾಕೆ ತಗೊಂಡೆ ಅಂತ ಯಾರಾದರೂ ಕೇಳಿ, ಕೇಳುವುದಿಲ್ಲ, ಆಫೀಸಿನಲ್ಲಿ ಯಾಕೆ ಅನ್ನುವ ಪ್ರಶ್ನೆಯೇ ಇಲ್ಲ. ಅಪ್ಪ ಬೇರೆಯವರ ಕುರಿ ಕಾಯುತ್ತಿದ್ದ, ಹುಲ್ಲುಗಾವಲಿನಲ್ಲಿ ವರ್ಷವಿಡೀ, ದೀಪಾವಳಿ ಮುಗಿದ ಬೆಳಗ್ಗೆ ಕುರಿ ಒಡೆಯ ಬಂದು ಹೆಗಲ ಮೇಲೆ ಹೊಸ ಕಂಬಳಿ ಹಾಕಿದನೆಂದರೆ ಮುಂದಿನ ವರ್ಷಕ್ಕೂ ನೀನೇ ಕುರುಬ ಅಂತ ಅರ್ಥ, ಮಾತಿಲ್ಲ, ಕಾಗದವಿಲ್ಲ, ಕಂಬಳಿ ಬಿತ್ತು, ಮಾತು ಮುಗಿಯಿತು. ಬೇಡವೆನಿಸಿದ ಆಳಿಗೆ ಕಂಬಳಿ ಹಾಕುವುದಿಲ್ಲ, ಬರಿ ಹೆಗಲಲ್ಲಿ ಕಳಿಸುತ್ತಾರೆ, ಒಂದು ವರ್ಷ ಅಪ್ಪ ಬರಿ ಹೆಗಲಲ್ಲಿ ಮನೆಗೆ ಬಂದದ್ದು, ಅವ್ವ ಒಲೆ ಹಚ್ಚದೆ ಕೂತದ್ದು ಇವನಿಗೆ ಇನ್ನೂ ನೆನಪಿದೆ. ಅಂಥವನ ಮಗನಿಗೆ ಯುಗಾದಿಯ ಮಾರನೇ ದಿನ ಮಿಲ್ಲಿನ ಅಂಗಳದಲ್ಲಿ ಸಾವ್ಕಾರರೇ ಕೈಯಾರೆ ಕಂಬಳಿ ಹೊದಿಸಿದರೆ ಏನು ತಿಳಿಯಬೇಕು, ಎಣ್ಣೆ ಹಿಂಡೋ ಎಕ್ಸ್‌ಪೆಲ್ಲರು ರಿಪೇರಿ ಐತೆ, ಶೇಂಗಾ ಬಂದ ಮೇಲೆ ನೋಡಾಣ, ಹೋಗ್ಬರ್ರಿ ಅಂದರು, ಅಷ್ಟೇ ಅಂದದ್ದು. ಎಲ್ಲರ ಮುಖ ಬಾಡಿತ್ತು, ಇವನೊಬ್ಬನದೇ ಅರಳಿತ್ತು. ಲೇ, ಹೆದರ್ಬ್ಯಾಡ್ರಲೇ, ಕಂಬಳಿ ಬಿದ್ದೈತೆ ಹೆಗಲ ಮೇಲೆ, ಕರೀತಾರೆ. ಇವನೇ ಹೇಳಿದ್ದು. ಸೂರಪ್ಪ ಆವತ್ತೇ ಲೇಬರ್ ಆಫೀಸಿಗೆ ಹೋಗಾಣ ನಡಿ ಅಂದಿದ್ದ, ಉಂಡ ಮನೆ ಗಳ ಎಣಿಸ್ತೀಯೇನಲೇ ಎಂದು ಬೈದು ಕೂರಿಸಿದವನೂ ಇವನೇ, ಹಿರಿಯನೆಂದು ಅವರೂ ಕೇಳಿದರು, ಮೆದುಳಿಲ್ಲದ ಹಿರಿಯ. ತಿರುಗಲೇ, ಒಂದ್ ಸುತ್ತು ತಿರುಗು — ಯಾರದಿದು ದನಿ, ಬೇಡ, ಅದು ಈಗ ಬೇಡ, ಫ್ಯಾನು ತಿರುಗುತ್ತಿದೆ, ಅಷ್ಟೇ.

ಶೇಂಗಾ ಬಂತು, ಊರಿಗೆ ಬಂತು, ಮಿಲ್ಲಿಗೆ ಬರಲಿಲ್ಲ. ಹೊರದೇಶದ ತಾಳೆ ಎಣ್ಣೆ ಟ್ಯಾಂಕರಿನಲ್ಲಿ ಬಂದು ಇಳಿಯುವಾಗ ಶೇಂಗಾ ಹಿಂಡಿ ಯಾರು ಉದ್ಧಾರ ಆಗ್ತಾರೆ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ಇವನು ಮಾತ್ರ ದಿನಾ ಬೆಳಗ್ಗೆ ಗೇಟಿನ ತನಕ ಹೋಗಿ ಬೀಗ ಮುಟ್ಟಿ ಬರುತ್ತಿದ್ದ, ದೇವಸ್ಥಾನದ ಗಂಟೆ ಮುಟ್ಟಿದ ಹಾಗೆ. ಕಾರ್ತೀಕದಲ್ಲಿ ಒಂದು ದಿನ ಗೇಟು ತೆರೆದಿತ್ತು, ಒಳಗೆ ಓಡಿದರೆ ಅವನ ಎಕ್ಸ್‌ಪೆಲ್ಲರಿಗೆ ಹಗ್ಗ ಬಿಗಿದು ಆಂಧ್ರದ ಲಾರಿಗೆ ಏರಿಸುತ್ತಿದ್ದಾರೆ, ಮದುವೆಯಾದ ವರ್ಷದಿಂದ ಅದರ ಹೊಟ್ಟೆಗೆ ಕಾಳು ಸುರಿದವನು, ಹುಷಾರು ಕಣ್ರಪ್ಪಾ, ಆ ಕಡೆ ಕಾಲು ಬಿರುಕು ಬಿಟ್ಟೈತೆ ಎಂದು ಎರಡು ಕೈ ಹಾಕಿ ಎತ್ತಿಸಿಯೂ ಕೊಟ್ಟ. ಹೌದು, ಎತ್ತಿಸಿಯೂ ಕೊಟ್ಟ! ಮನೆಗೆ ಬಂದು ಹೇಳಿದಾಗ ಗಂಗಲಕ್ಷ್ಮಿ ಬಾಯಿ ಬಡಿದುಕೊಳ್ಳಲಿಲ್ಲ, ಹೆಂಡತಿಯಾದವಳು ಬೈದಿದ್ದರೂ ಸಮಾಧಾನವಿತ್ತು, ಸುಮ್ಮನೆ ಟ್ರಂಕು ಇಳಿಸಿ ಬಟ್ಟೆ ತುಂಬಿದಳು, ನಮ್ಮೂರಿಗೆ ಹೋಗಾಣ ನಡಿ, ಕಂಡಿಕೆ ಸುತ್ತಿಯಾದ್ರೂ ಬದುಕ್ತೀನಿ ಅಂದಳು. ಈಗ ಮೊಳಕಾಲ್ಮೂರಿನಲ್ಲಿ ಅವಳು ಬೇರೆಯವರ ಮಗ್ಗಕ್ಕೆ ಕಂಡಿಕೆಯ ಮೇಲೆ ರೇಷ್ಮೆ ನೂಲು ಸುತ್ತುತ್ತಾಳೆ, ಇವನು ಹೊಸ್ತಿಲ ಮೇಲೆ ಕೂತು ಅವಳ ಕೈ ನೋಡುತ್ತಾನೆ, ಎಣ್ಣೆ ಜಿಡ್ಡಿನ ಕೈ ರೇಷ್ಮೆ ಮುಟ್ಟಬಾರದಂತೆ, ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ನಮ್ದೇ ಒಂದು ಮಗ್ಗ ಆದ್ರೆ ಸಾಕು ಅಂತ ಒಂದೇ ಸಲ ಅಂದಿದ್ದಳು. ಅದನ್ನು ಕೇಳಿಸಿಕೊಂಡ ಅವಳ ತಮ್ಮ ಬಾಲರಾಜ್, ನೇಕಾರರ ಸಂಘದಲ್ಲಿ ಓಡಾಡಿದವನು, ತಟ್ಟೆ ತಳ್ಳಿ ಎದ್ದ, ಏಂ ಬಾವಾ, ಮಿಲ್ಲು ಮುಚ್ಚಿದ್ರೆ ನಿನಗೇನು ಬರ್ಬೇಕು ಅಂತಾದ್ರೂ ಗೊತ್ತೈತಾ, ತಿಂಗಳು ಮುಂಚೆ ನೋಟಿಸು ಕೊಡ್ಬೇಕು, ಇಲ್ಲಾಂದ್ರೆ ಆ ತಿಂಗಳ ಸಂಬಳ, ದುಡಿದ ಒಂದೊಂದು ವರ್ಷಕ್ಕೂ ಅರ್ಧ ತಿಂಗಳ ಪರಿಹಾರ, ಗ್ರಾಚ್ಯುಟಿ ಬೇರೆ, ಅದಿ ಭಿಕ್ಷ ಕಾದು ಬಾವಾ, ಭಿಕ್ಷೆ ಅಲ್ಲ, ನಿನ್ ಹಕ್ಕು. ಹಕ್ಕು ಅನ್ನುವ ಮಾತನ್ನು ಇವನು ಎಲೆಕ್ಷನ್ ಜೀಪಿನ ಮೈಕಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಅರ್ಥವಾಗಲು ಮೂರು ಸಲ ಹೇಳಿಸಿಕೊಂಡ, ಅರ್ಥವಾದ ಮೇಲೆ ಸಿಟ್ಟು ಬಂತು, ಸಾವ್ಕಾರರ ಮೇಲಲ್ಲ, ತನ್ನ ಮೇಲೆ, ಕಂಬಳಿಯ ಮೇಲೆ. ಇವತ್ತು ಅದನ್ನು ಅವರ ಮುಂದೆ ಎಸೆದೇ ಬರುತ್ತೇನೆಂದು ಚೀಲಕ್ಕೆ ತುರುಕಿ ಬಾಲರಾಜನ ಜೊತೆ ಮೊದಲ ಬಸ್ಸು ಹತ್ತಿದ, ಎಸೆಯುವುದಿರಲಿ, ಚೀಲದ ಬಾಯಿ ಬಿಚ್ಚುವುದಕ್ಕೂ ಆಗಿಲ್ಲ. ಚೆನ್ನಾಗೈತೆ ನೋಡು, ಮದುಮಗ ಇದ್ದಂಗವ್ನೆ — ದ್ರಾಕ್ಷಾಯಣಮ್ಮನವರ ನಗು, ಸಾವ್ಕಾರರ ಹೆಂಡತಿ, ಜಗಲಿಯ ಮೇಲೆ ಮೊರ ಹಿಡಿದು — ಸಾಕು, ಸಾಕು ನಿಲ್ಲಿಸು.

ರಾಮಾಂಜನೇಯ, ನಿಮ್ಮನ್ನೇ ಕೇಳ್ತಿರೋದು. ಮೇಡಂ ದನಿ. ಪಕ್ಕದಲ್ಲಿ ಕೂತಿದ್ದ ಬಾಲರಾಜ್ ಮೊಣಕೈಯಲ್ಲಿ ತಿವಿದ. ಮಿಲ್ ಮುಚ್ತೀವಿ ಅಂತ ನಿಮಗೆ ಮೊದಲೇ ಯಾರಾದ್ರೂ ಹೇಳಿದ್ರಾ? ಇಲ್ಲಮ್ಮ, ಯಾರೂ ಹೇಳ್ಲಿಲ್ಲ. ಅಷ್ಟು ಹೇಳುವುದರೊಳಗೆ ಸಾವ್ಕಾರರು ತಿರುಗಿ ನೋಡಿದರು, ಸಿಟ್ಟಿನಿಂದಲ್ಲ, ನೀನೂನಾ ಅನ್ನುವ ಹಾಗೆ, ಆ ನೋಟಕ್ಕೆ ಇವನಿಗೇ ನಾಚಿಕೆ, ಮೋಸ ಹೋದವನಿಗೆ ಯಾಕೆ ನಾಚಿಕೆ, ಈ ಹಾಳು ಮೈಗೆ ಯಾರು ಕಲಿಸಿದರೋ ಇದನ್ನೆಲ್ಲ. ಶಾಂತವೀರಪ್ಪ ಮಾತ್ರ ಕುರ್ಚಿಯಿಂದ ಅರ್ಧ ಎದ್ದ. ಗೊತ್ತಿರ್ಲಿಲ್ಲ ಅಂದ್ರೆ ಹೆಂಗೆ ಮೇಡಂ, ಕಂಬಳಿ ಗಂಟು ತಂದೋನೇ ಇವ್ನು, ದೊಡ್ಡಉಳ್ಳಾರ್ತಿಯಾಗೆ ಕಂಬಳಿ ನೇಯೋ ಚಿಕ್ಕೀರಪ್ಪನ ಮನೆಯಿಂದ ಸೈಕಲ್ ಮೇಲೆ ಇವ್ನೇ ಹೇರ್ಕಂಡು ಬಂದ, ಶಿವರಾತ್ರಿಗೂ ಮುಂಚೆ, ಬೇಕಾದ್ರೆ ಕೇಳ್ರಿ, ಬಿಡುವಂಥವ್ರಿಗೆ ಕೊಡೋಕಲ್ಲದೆ ಬೇಸಿಗೆಯಾಗೆ ಅಷ್ಟು ಕಂಬಳಿ ಯಾತಕ್ಕೆ ಅಂತ ಇವ್ನಿಗೆ ತಿಳೀಲಿಲ್ವಾ? ಮೇಡಂ ಪೆನ್ನು ನಿಂತಿತು. ಶಿವರಾತ್ರಿಗೂ ಮುಂಚೆಯಾ? ಹ್ಞೂಂ ಮೇಡಂ. ಇವರು ಕೆಲಸ ಬಿಟ್ಟಿದ್ದು ಯುಗಾದಿ ಆದ್ಮೇಲೆ ಅಲ್ವಾ? ಹೌದು ಮೇಡಂ. ಹಾಗಾದ್ರೆ ಇವರೆಲ್ಲ ತಾವಾಗೇ ಬಿಟ್ಟು ಹೋಗ್ತಾರೆ ಅಂತ ಒಂದು ತಿಂಗಳು ಮೊದಲೇ ನಿಮಗೆ ಹೆಂಗ್ರೀ ಗೊತ್ತಾಯ್ತು? ಶಾಂತವೀರಪ್ಪ ಮತ್ತೆ ಕುರ್ಚಿಗೆ ಕೂತ, ಸಾವ್ಕಾರರು ಹೆಗಲ ವಸ್ತ್ರದಿಂದ ಕತ್ತು ಒರೆಸಿಕೊಂಡರು, ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿದೆ. ಇದು ಬಿಟ್ಟು ಹೋಗಿದ್ದಲ್ಲ, ತೆಗೆದಿದ್ದು, ಹಾಗೇ ಬರ್ಕೋತೀನಿ, ಮುಂದಿನ ವಾರ ಹಾಜರಿ ರಿಜಿಸ್ಟರ್ ತಗೊಂಡು ಬನ್ನಿ ಎಂದು ಮೇಡಂ ಹೇಳುತ್ತಿದ್ದಾರೆ. ಅಯಿಪೋಯಿಂದಿ ಬಾವಾ, ಮುಗೀತು, ಗೆದ್ದಂಗೇ ಎಂದು ಬಾಲರಾಜ್ ತೊಡೆ ಹಿಸುಕುತ್ತಿದ್ದಾನೆ. ಗೆದ್ದಂಗೇ, ಹೌದು, ಮಗ್ಗ ಬರುತ್ತದೆ, ಸೂರಪ್ಪನಿಗೂ ಬರುತ್ತದೆ, ಎದ್ದು ಹೊರಗೆ ಹೋಗಿ ಹೇಳಬೇಕು, ಚೀಲ ಇನ್ನೂ ತೊಡೆಯ ಮೇಲೇ ಇದೆ, ಶಿವರಾತ್ರಿಗೂ ಮುಂಚೆ ಅಂದರಲ್ಲ, ಆಗಲೇ ಗೊತ್ತಿತ್ತು ಅವರಿಗೆ, ಗಂಟು ಇಳಿಸಿದಾಗಲೇ ಗೊತ್ತಿತ್ತು, ಸಾವ್ಕಾರರ ಅಂಗಳ, ಉರಿಬಿಸಿಲು, ಗಂಟು ಬಿಚ್ಚಿ ಎಲ್ಲಕ್ಕಿಂತ ಮೇಲಿನದನ್ನು ಎತ್ತಿ ಕೊಟ್ಟರು, ಲೇ ರಾಮಾಂಜಿ, ನಮ್ಮ ಮಿಲ್ಲಾಗೆ ನೀನೇ ಉದ್ದ, ನಿನಗೆ ಸಾಲಿದ್ರೆ ಎಲ್ರಿಗೂ ಸಾಲ್ತೈತೆ, ಹೊದ್ಕಂಡು ತೋರ್ಸು, ಯಾರಿಗೆ ಯಜಮಾನ್ರೇ ಎಂದು ಕೇಳಲಿಲ್ಲ, ಹೊದ್ದುಕೊಂಡ, ಬೆನ್ನ ಮೇಲೆ ಬೆವರು ಹರಿಯುತ್ತಿತ್ತು, ಜಗಲಿಯ ಮೇಲೆ ದ್ರಾಕ್ಷಾಯಣಮ್ಮ ನಗುತ್ತಿದ್ದರು, ಸಾವ್ಕಾರರು ನಗಲಿಲ್ಲ, ಹಿಂದಿನಿಂದ ಹೆಂಗೆ ಕಾಣ್ತೈತೆ ನೋಡಾಣ, ತಿರುಗಲೇ ಅಂದರು, ತಿರುಗಿದ, ಮುಖ ತುಂಬ ನಗು, ಎರಡು ಕೈಯಲ್ಲೂ ಕಂಬಳಿಯ ಅಂಚು ಹಿಡಿದು, ಇನ್ನೊಂದ್ ಸಲ ತಿರುಗು ಅಂದರು, ತಿರುಗಿದ, ಅವರು ಹೇಳುವ ಮೊದಲೇ ಮತ್ತೊಂದು ಸಲ ತಿರುಗಿದ.