ದಾರ ನೋಡುವ ಬಟ್ಟೆ

ಟಕ್ — ಇರುವೆ ಕಚ್ಚಿದಷ್ಟೇ ಸದ್ದು, ಮೇಲಿನ ದಾರ ಮತ್ತೆ ಹರಿಯಿತು, ಅದು ಅವನ ಕಾಲಿಗೆ ಗೊತ್ತಾಗುವಷ್ಟರಲ್ಲಿ ಸೂಜಿ ದಾರವಿಲ್ಲದೆಯೇ ಇನ್ನೂ ಏಳೆಂಟು ತೂತು ಹಾಕಿಯಾಗಿತ್ತು, ಹಾಳಾದ್ದು, ಬೆಳಗಿನಿಂದ ಇದು ಒಂಬತ್ತನೇ ಸಲ, ಮೆಷಿನ್ನಿನ ಪಾದ ಎತ್ತು, ಬಟ್ಟೆ ಎಳೆ, ತಿರುಗಿಸಿ ನೋಡು — ಕೆಳಗಡೆ ದಾರ ಗುಬ್ಬಿಗೂಡು ಕಟ್ಟಿಕೊಂಡು ಕೂತಿದೆ. ಕೆಳಗೆ ಗಂಟು ಕಂಡರೆ ಮೇಲೆ ನೋಡೋ ಮಂಕೇ, ಪಾಪದ ಬಾಬಿನ್ನಿಗೆ ಯಾಕೆ ಬೈತೀಯ, ಪಾದ ಇಳಿಸಿಕೊಂಡು ಪೋಣಿಸಿದರೆ ದಾರ ಬಿಗಿ ಹಿಡಿಯೋ ಬಿಲ್ಲೆಗಳ ನಡುವೆ ಕೂರೋದೇ ಇಲ್ಲ, ಮೇಲೇ ತೇಲ್ತಾ ಇರತ್ತೆ, ಅಂತ ಮೇಸ್ತ್ರಿ ತಲೆಗೆ ಮೊಟಕಿ ಹೇಳಿಕೊಟ್ಟದ್ದು ಹೊದಿಕೆ ಕಾರ್ಖಾನೆಗೆ ಸೇರಿದ ಮೊದಲ ವಾರ, ಇಪ್ಪತ್ತು ವರ್ಷವಾಯಿತು, ಈಗ ಹೊಸಬರಿಗೆ ಅದನ್ನೇ ಹೇಳಿಕೊಡುವವನು ಅವನು, ಅವನೇ ಇವತ್ತು ಪಾದ ಇಳಿಸಿಕೊಂಡು ಪೋಣಿಸಿದ್ದಾನೆ, ಒಂದಲ್ಲ ಒಂಬತ್ತು ಸಲ, ಕೈಗೆ ಏನು ಬಂದಿದೆ ರೋಗ, ಗಡಿಯಾರ ಬೇರೆ, ಎರಡೂಕಾಲು, ನಾಲ್ಕಕ್ಕೆ ಮಗಳು ಬರುತ್ತಾಳೆ. ಬಂದವಳು ಕೇಳುತ್ತಾಳೆ. ಬೆಳಿಗ್ಗೆ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು, ನಾಲ್ಕು ದಿನದಿಂದ ಬಿಡದ ಬಾಯಿ ಬಿಟ್ಟು, ಬಾಗಿಲ ಕಡೆ ತಿರುಗಿಕೊಂಡೇ ಹೇಳಿದಳಲ್ಲ — ಅಮ್ಮ ಆ ನೈಟಿ ಹಾಕ್ಕೊಂಡು ಏನು ಮಾಡ್ತಿದ್ದಳು ಅಂತ ಒಂದೇ ಒಂದು ಹೇಳು, ನೀನು ನೋಡಿದ್ದು, ನಾನು ನೋಡಿದ್ದಲ್ಲ, ಹೇಳಿದ್ರೆ ಇಲ್ಲೇ ಇರ್ತೀನಿ, ಇಲ್ಲಾಂದ್ರೆ ಚಿಕ್ಕಮ್ಮ ಕರೀತಾನೇ ಇದ್ದಾಳೆ, ಅವಳ ಹತ್ರ ಅಮ್ಮನ ಮಾತಾದ್ರೂ ಇದೆ. ಹದಿಮೂರು ವರ್ಷದ ಹುಡುಗಿ, ಮಾತು ಮಾತ್ರ ಹಿಟ್ಟು ಜರಡಿ ಹಿಡಿದ ಹಾಗೆ, ಒಂದು ಕಾಳೂ ಹೆಚ್ಚಿಲ್ಲ, ತಾಯಿಯದೇ ನಾಲಿಗೆ.

ಅದೂ ಆದದ್ದು ಈ ದಾರದ ದೆಸೆಯಿಂದಲೇ. ಕಾರ್ಖಾನೆಯ ಕೆಲಸ ಮನೆಗೆ ತಂದಿದ್ದ, ಹೊಸ ದಾರದುಂಡೆ, ಹೊಸ ದಾರವನ್ನು ಹಾಕಿದೊಡನೆ ಒಳ್ಳೆಯ ಬಟ್ಟೆಯ ಮೇಲೆ ಯಾರಾದರೂ ಓಡಿಸುತ್ತಾರೆಯೇ, ಮೊದಲು ಹಳೇ ಬಟ್ಟೆಯ ಮೇಲೆ ಅಡ್ಡಾದಿಡ್ಡಿ ಓಡಿಸಿ ಬಿಗಿ ನೋಡಬೇಕು, ದಾರ ನೋಡುವ ಬಟ್ಟೆ ಅಂತಲೇ ಅದಕ್ಕೆ ಹೆಸರು, ಚಿಂದಿ ಚೀಲಕ್ಕೆ ಕೈ ಹಾಕಿದರೆ ಖಾಲಿ, ಸರಿ, ಅಷ್ಟರಲ್ಲಿ ಮಗಳ ದಿಂಬಿನ ಚೀಲವನ್ನಾದರೂ ಒಗೆಯಲು ಹಾಕೋಣ ಅಂತ ಎಳೆದ, ಒಳಗಿಂದ ಮಡಿಸಿಟ್ಟ ಹಳೇ ನೈಟಿಯೊಂದು ಬಿತ್ತು. ತಿಳಿ ನೀಲಿ, ಮೇಲೆ ಸಾಸಿವೆ ಕಾಳಷ್ಟು ಬಿಳಿ ಚುಕ್ಕೆ. ದಿಂಬು ಎತ್ತರವಾಗಲಿ ಅಂತ ತುರುಕಿಕೊಂಡಿದ್ದಾಳೆ, ಕಾರ್ಖಾನೆಯ ಚಿಂದಿಯಲ್ಲಿ ಇಂಥವು ದಿನಕ್ಕೆ ಹತ್ತು ಬರುತ್ತವೆ, ಇದು ಹನ್ನೊಂದನೆಯದು — ಅಷ್ಟೇ ಅನ್ನಿಸಿದ್ದು, ಬೆರಳ ನಡುವೆ ಹೊಸಕಿ ನೋಡಿದ, ಅರವತ್ತರ ಸಣ್ಣ ನೂಲು, ಒಗೆದು ಒಗೆದು ಬೆಣ್ಣೆಯಾಗಿದೆ, ಆಹಾ, ಕತ್ತರಿ ತಗೊಂಡ. ಅಂಗೈಯಗಲದ ಇಪ್ಪತ್ತನಾಲ್ಕು ಚೌಕ. ಒಂದೊಂದರ ಮೇಲೂ ದಾರ ಓಡಿಸಿದ, ಗಂಟು ಬಿತ್ತು, ಎಸೆದ, ಇನ್ನೊಂದು ತಗೊಂಡ, ಶಿಳ್ಳೆ ಹಾಕುತ್ತಿದ್ದನೋ ಏನೋ, ಹಾಕುತ್ತಿದ್ದ, ಹೌದು. ಮಗಳು ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪ ಅದು ಅಮ್ಮಂದು. ಅಳಲಿಲ್ಲ, ಕಿರುಚಲಿಲ್ಲ, ನೆಲದ ಮೇಲಿನ ಚೌಕಗಳನ್ನು ಆರಿಸಿ ಆರಿಸಿ ಲಂಗದ ಮಡಿಲಿಗೆ ಹಾಕಿಕೊಂಡಳು, ಆಮೇಲೆ ಕೇಳಿದಳು, ನಿಂಗೆ ಗೊತ್ತಾಗಲಿಲ್ವಾ? ಬೆಳಕು ಕಮ್ಮಿ ಇತ್ತು ಕಣೇ ಪುಟ್ಟಿ. ಬೆಳಕಂತೆ, ನಡುಮಧ್ಯಾಹ್ನ, ಕಿಟಕಿ ಹಾರುಹೊಡೆದಿತ್ತು.

ಅವನಿಗೆ ಗೊತ್ತಾಗಲಿಲ್ಲವಂತೆ, ಅವನಿಗೆ — ಕಾರ್ಖಾನೆಯಲ್ಲಿ ಅವನ ಅಡ್ಡಹೆಸರೇ ಕಣ್ಮುಚ್ಚಾಲೆ, ಊಟದ ಬಿಡುವಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಕೈಗೆ ಬಟ್ಟೆ ಕೊಡುತ್ತಾರೆ, ನೂಲು ಎಷ್ಟು, ಎಷ್ಟು ಸಲ ಒಗೆದದ್ದು, ಗಂಜಿ ಹಾಕಿದ್ದೋ ಇಲ್ಲವೋ, ಎಲ್ಲ ಹೇಳುತ್ತಾನೆ, ಬಣ್ಣ ಹೇಳೋ ನೋಡೋಣ ಅಂತ ಮೇಸ್ತ್ರಿ ಕೆಣಕಿದರೆ, ಬಣ್ಣಕ್ಕೆ ನಿಮ್ಮ ಕಣ್ಣಿದೆಯಲ್ಲ, ಅದಕ್ಕೂ ಸ್ವಲ್ಪ ಕೆಲಸ ಕೊಡಿ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಒಬ್ಬಳ ಮೈಮೇಲಿದ್ದ ಬಟ್ಟೆ, ಹನ್ನೆರಡು ವರ್ಷ ಸಂಸಾರ ಮಾಡಿದವಳ ಮೈಮೇಲಿದ್ದದ್ದು, ಅವಳು ಜ್ವರ ಅಂತ ಮಲಗಿ ಮೂರು ವಾರಕ್ಕೇ ಹೋಗಿ ಇನ್ನೂ ಎರಡು ವರ್ಷ, ಕಣ್ಣು ಬಿಟ್ಟುಕೊಂಡೇ ಕತ್ತರಿಸಿದ. ಪಾದ ಎತ್ತಿ ಪೋಣಿಸು. ಕೊಕ್ಕೆ, ಬಿಲ್ಲೆ, ಮತ್ತೆ ಕೊಕ್ಕೆ, ಸೂಜಿಕಣ್ಣು, ದಾರದ ತುದಿ ನೆಕ್ಕು. ಹಾ, ಈಗ ಕೂತಿತು. ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮಗಳು ಆರಿಸಿಟ್ಟ ಚೌಕಗಳನ್ನು ಮತ್ತೆ ಜೋಡಿಸಿ, ನಡುವೆ ಹತ್ತಿಯ ಪದರ ಇಟ್ಟು, ಅವಳಿಗೊಂದು ಹೊದಿಕೆ, ಪುಟ್ಟದು, ಎದೆ ಮುಚ್ಚಿದರೆ ಸಾಕು, ಅಂದುಕೊಂಡದ್ದು ಹಾಗೆ. ಬಿಚ್ಚುವಾಗ ಮೂರು ಹರಿದವು, ಹಳೇ ಬಟ್ಟೆ, ಗಂಟಿನ ಜೊತೆಗೆ ಅದೂ ಕಿತ್ತು ಬಂತು, ಇಪ್ಪತ್ತೊಂದು ಉಳಿದವು, ನಡುವೆ ಮೂರು ಮನೆ ಖಾಲಿ.

ಆ ಮೂರಕ್ಕಾಗಿ ಎಷ್ಟು ಅಂಗಡಿ ಹತ್ತಿ ಇಳಿದ, ಹರಿದ ಚೂರನ್ನು ಜೇಬಿನಲ್ಲಿಟ್ಟುಕೊಂಡು. ದಪ್ಪ ಕನ್ನಡಕದ ಮುದುಕ ಅದನ್ನು ಬೆಳಕಿಗೆ ಹಿಡಿದು, ಈ ಚುಕ್ಕೆ ಈಗ ಬರಲ್ಲ ಯಜಮಾನ್ರೇ, ಈಗೆಲ್ಲ ಹೂವು, ಒಂದೊಂದು ಹೂವು ತಟ್ಟೆಯಷ್ಟು, ಹೆಂಗಸರು ಎದ್ದು ನಡೆದ್ರೆ ತೋಟವೇ ಎದ್ದು ನಡೆದ ಹಾಗಿರಬೇಕು ಅಂದ. ಇನ್ನೊಂದು ಅಂಗಡಿಯಲ್ಲಿ ನೀಲಿ ಸಿಕ್ಕಿತು, ಚುಕ್ಕೆ ದೊಡ್ಡದು. ಮತ್ತೊಂದರಲ್ಲಿ ಚುಕ್ಕೆ ಸರಿ, ನೀಲಿ ಸುಳ್ಳು. ಕೊನೆಯ ಅಂಗಡಿಯ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, ಮದುವೆ ಬಟ್ಟೆಗೆ ಮ್ಯಾಚಿಂಗ್ ಹುಡುಕೋ ಗಂಡಂದಿರನ್ನ ಬೇಕಾದಷ್ಟು ನೋಡಿದ್ದೀನಿ, ಹಳೇ ನೈಟಿಗೆ ಹುಡುಕೋರನ್ನ ಇವತ್ತೇ ಕಂಡಿದ್ದು, ನಿಮ್ಮನೆಯವರನ್ನೇ ಕಳಿಸಿಬಿಡಿ ಅಣ್ಣ, ಹಾಕ್ಕೊಂಡೋರಿಗೆ ಬಣ್ಣ ಸರಿಯಾಗಿ ನೆನಪಿರತ್ತೆ ಅಂದಳು. ಆಯ್ತಮ್ಮ, ಕಳಿಸ್ತೀನಿ ಅಂದ. ಕಳಿಸ್ತೀನಿ ಅಂದುಬಿಟ್ಟು ಬೀದಿಯ ತುದಿಯವರೆಗೂ ಹಾಗೇ ನಡೆದ, ನಿಜವಾಗಿಯೂ ಮನೆಗೆ ಹೋಗಿ ಅವಳಿಗೆ ಹೇಳಬೇಕು ಅನ್ನುವವನ ಹಾಗೆ.

ನೆನಪು ಮಾಡಿಕೊ. ಒಲೆಯ ಮುಂದೆ? ಒಲೆಯ ಮುಂದೆ ಅವಳಿದ್ದಾಳೆ, ಆದರೆ ಕಂದು ಬಣ್ಣದ್ದು ಯಾವುದೋ ಉಟ್ಟಿದ್ದಾಳೆ. ಕಿಟಕಿಯ ಹತ್ತಿರ, ಮಗುವನ್ನು ಎತ್ತಿಕೊಂಡು — ಹಸಿರು. ಅವನು ಹೋಗುತ್ತಿದ್ದದ್ದು ಕತ್ತಲಿರುವಾಗಲೇ, ಎರಡು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವಳು ಮುಖ ತೊಳೆದು ಬೇರೆ ಬಟ್ಟೆ ಹಾಕಿ ಕೂತಿರುತ್ತಿದ್ದಳು, ದಿನವೆಲ್ಲ ಮನೆಗೆಲಸದ ಬಟ್ಟೆ, ನೀವು ಬಂದಾಗಲಾದ್ರೂ ಮನುಷ್ಯಳ ಥರ ಕಾಣಬೇಡ್ವಾ ರೀ ಅನ್ನುತ್ತಿದ್ದಳು, ಆ ನೈಟಿಯನ್ನು ಆಗಲೇ ಒಗೆದು ಹಾಕಿರುತ್ತಿದ್ದಳು, ಓಣಿಯಲ್ಲಿ, ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಹಗ್ಗದ ಮೇಲೆ — ಹಾ, ಅಲ್ಲಿದೆ, ನೀಲಿ, ಬಿಳಿ ಚುಕ್ಕೆ, ಎರಡು ಕ್ಲಿಪ್ಪು, ಅದರ ಕೆಳಗೆ ತಲೆ ಬಗ್ಗಿಸಿ ನುಸುಳಿಯೇ ಒಳಗೆ ಬರುತ್ತಿದ್ದ, ಒದ್ದೆ ಅಂಚು ನೆತ್ತಿಗೆ ತಾಗುತ್ತಿತ್ತು, ಥೂ ಅನ್ನುತ್ತಿದ್ದ. ಅಲ್ಲ, ಅದಲ್ಲ, ಮೈಮೇಲಿದ್ದದ್ದು ಬೇಕು. ಸುಳ್ಳಾದರೂ ಹೇಳಬಹುದು, ಬಟ್ಟೆ ಜೋಡಿಸುವವನಿಗೆ ಇದೇನು ಕಷ್ಟ, ಹೊಸ್ತಿಲ ಮೇಲೆ ಕೂತು ನಿನಗೆ ತಲೆ ಬಾಚುತ್ತಿದ್ದಳು ಅಂತ, ನೀಲಿ ತೋಳಿನಿಂದ ಕೈ ಹೊರಗೆ ತಂದು ಬಾಚಣಿಗೆ ಕೊಡು, ಕತ್ತಿನ ಮೇಲೆ ಮುಖ ಇಡು, ಇಟ್ಟ, ಮುಖ ನಿಲ್ಲುತ್ತಿಲ್ಲ, ಜಾರುತ್ತದೆ, ಗಾಳಿಗೆ ತೋಳು ಚಪ್ಪಟೆಯಾಗಿ ಹಗ್ಗಕ್ಕೆ ಅಂಟಿಕೊಳ್ಳುತ್ತದೆ, ಮತ್ತೆ ಹಗ್ಗ, ಮತ್ತೆ ಅದೇ ಓಣಿ. ಮಗಳು ಸುಳ್ಳನ್ನು ಮುಟ್ಟಿಯೇ ಕಂಡುಹಿಡಿದುಬಿಡುತ್ತಾಳೆ, ಅವನ ಮಗಳಲ್ಲವೇ.

ಮೆಟ್ಟಿಲ ಮೇಲೆ ಬೂಟಿನ ಸದ್ದು, ಇಷ್ಟು ಬೇಗ ನಾಲ್ಕಾಯಿತೇ, ಬಾಗಿಲು, ಚೀಲ ದೊಪ್ಪೆಂದು ಬಿದ್ದದ್ದು, ಮಗಳು ಬಂದು ಮೆಷಿನ್ನಿನ ಮೇಲೆ ಹರಡಿದ್ದ ನೀಲಿಯನ್ನು ನೋಡಿದಳು, ಖಾಲಿ ಬಿಟ್ಟ ಮೂರು ಮನೆಯ ಮೇಲೆ ಕೈಯಾಡಿಸಿದಳು, ಇಲ್ಲಿಗೆ ಸಿಗಲಿಲ್ವಾ, ಇಲ್ಲ ಪುಟ್ಟಿ, ಎಲ್ಲೂ ಸಿಗಲಿಲ್ಲ, ಊಟ ಮಾಡಿದ್ಯಾ, ನೀನು ಮಾಡಿದ್ಯಾ, ಹೂಂ, ಸುಳ್ಳು. ಸ್ಟೂಲು ಎಳೆದುಕೊಂಡು ಕೂತಳು, ಸ್ವಲ್ಪ ಹತ್ತಿರಕ್ಕೇ ಎಳೆದುಕೊಂಡಳು, ಈಗ ಹೇಳಪ್ಪ ಅಂದಳು, ಕಣ್ಣಲ್ಲಿ ಸಿಟ್ಟಿಲ್ಲ, ಅದೇ ಕಷ್ಟ, ಹೇಳಲಿ ಅಂತ ಕಾಯುತ್ತಿದೆ ಆ ಕಣ್ಣು, ಹೇಳಿಬಿಡಲಿ ಅಂತ. ಅವನು ಬಾಯಿ ತೆರೆದ, ನಿಮ್ಮಮ್ಮ, ಅದನ್ನ ಹಾಕ್ಕೊಂಡು — ಓಣಿ, ಹಗ್ಗ, ಎರಡು ಕ್ಲಿಪ್ಪು — ಹಾಕ್ಕೊಂಡು, ಒಂದಿನ ಏನಾಯ್ತು ಅಂದ್ರೆ — ತೋಳೆರಡೂ ಕೆಳಗೆ ಇಳಿಬಿದ್ದಿವೆ, ಅಂಚಿನಿಂದ ಒಂದು ಹನಿ ಬೀಳುವುದರಲ್ಲಿದೆ — ಹಾಕ್ಕೊಂಡು — ತೆರೆದ ಕತ್ತಿನೊಳಗಿಂದ ಆಚೆಯ ಗೋಡೆ ಕಾಣುತ್ತದೆ, ಗೋಡೆ, ಬರೀ ಗೋಡೆ