ಕಿಟಕಿಯಲ್ಲಿ ಕೂತವರು

"ಅದೇನು ಹೊಟ್ಟೆನಾ, ಹಾಳು ಬಾವಿನಾ, ಹಡಬೆ? ಕಿಟಕಿ ಕೊಟ್ರೆ ನೀರು ಬೇಕು, ನೀರು ಕೊಟ್ರೆ ಇನ್ನೊಂದು ಬೇಕು! ಬಿಟ್ರೆ ನಾಳೆ ನನ್ನ ಕುರ್ಚಿನೂ ಕೇಳ್ತೀಯ!"

ಲಾಂಡ್ರಿ ಮ್ಯಾನೇಜರ್ ಹೀಗೆ ಉಗಿದು ಮೆಟ್ಟಿಲು ಹತ್ತಿ ಹೋದ. ಬೇಕಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ಬೇಕಮ್ಮ ಎಂದು ಅವಳಿಗೆ ಹೆಸರಿಟ್ಟವನೂ ಅವನೇ. ಆ ನೆಲಮಾಳಿಗೆಯಲ್ಲಿ ಹೋಟೆಲುಗಳ ಬೆಡ್‌ಶೀಟು ಒಗೆದು, ಕಾದ ಉರುಳೆಯಲ್ಲಿ ಒಣಗಿಸಿ, ಹೆಂಗಸರು ದಿನವಿಡೀ ನಿಂತೇ ಮಡಿಸಬೇಕು. ಹಬೆಗೆ ಇಸ್ತ್ರಿಯವಳು ತಲೆಸುತ್ತಿ ಬಿದ್ದ ಮೇಲೆ, ಹಲಗೆ ಹೊಡೆದಿದ್ದ ಕಿಟಕಿಯನ್ನು ಜಗಳವಾಡಿ ತೆಗೆಸಿದ್ದು ಬೇಕಮ್ಮ.

ಆದರೆ ಕುರ್ಚಿ? ಆಣೆ ಮಾಡಿ ಹೇಳಬಹುದು, ಅದು ಅವಳ ಕನಸಿನಲ್ಲೂ ಇರಲಿಲ್ಲ. ಮ್ಯಾನೇಜರನೇ ತಂದು ತಲೆಯೊಳಗೆ ಹಾಕಿ ಹೋಗಿದ್ದ.

ಬೆಡ್‌ಶೀಟಿನ ಒಂದು ತುದಿ ಬೇಕಮ್ಮನ ಕೈಯಲ್ಲಿ, ಇನ್ನೊಂದು ತುದಿ ಅವಳ ಅತ್ತಿಗೆಯ ಕೈಯಲ್ಲಿ. ಯಂತ್ರದ ಸದ್ದಿಗೆ ದೂರದ ಮಾತು ಕೇಳಿಸದು. ಮಡಿಸಲು ತುದಿ ತುದಿ ಕೂಡಿಸಿದಾಗ ಮಾತ್ರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಹಾಗಾಗಿ ಅಲ್ಲಿನ ಜಗಳಗಳೆಲ್ಲ ಕಂತಿನಲ್ಲೇ ನಡೆಯುತ್ತಿದ್ದವು.

"ಅತ್ತಿಗೆ, ಕುರ್ಚಿ!"

ಹಿಂದೆ ಸರಿದರು. ಕೊಡವಿದರು. ಕೂಡಿದರು.

"ನಿನ್ನ ಬಾಯಿಗೆ ಮಣ್ಣು ಹಾಕ! ಇರೋದನ್ನೂ ಕಳೀತೀಯ."

ದೂರ. ಹತ್ತಿರ.

"ಎರಡೇ ಸಾಕು. ಸರದಿ ಮೇಲೆ ಕೂರೋಣ."

ಅತ್ತಿಗೆ ಮಡಿಸಿದ ಶೀಟನ್ನು ರಾಶಿಗೆ ಹಾಕಿದಳು. ಮುಂದಿನ ಶೀಟಿಗೆ ಹತ್ತಿರ ಬಂದವಳು ಮೆಲ್ಲಗೆ ಕೇಳಿದಳು: "ಬೆನ್ನಿರೋದಾ, ಬೆನ್ನಿಲ್ಲದ್ದಾ?"

ಅಷ್ಟೇ, ಕಿಸಕ್ಕನೆ ಹೊರಟ ನಗು ಊಟದ ಹೊತ್ತಿಗೆ ಒಗೆಯುವ ತೊಟ್ಟಿಯವರೆಗೂ ಹಬ್ಬಿತು. ಒಬ್ಬಳಿಗೆ ಕೈಯಿರುವ ಕುರ್ಚಿ, ಇನ್ನೊಬ್ಬಳಿಗೆ ಮೆತ್ತೆಯದು, ಮತ್ತೊಬ್ಬಳಿಗೆ ಗರಗರ ತಿರುಗುವುದು. ಅದೇ ಅಮಲಿನಲ್ಲಿ ಎಲ್ಲರೂ ಮೇಲೆ ಹೋಗಿ ಕೇಳಿಯೇಬಿಟ್ಟರು. ಮ್ಯಾನೇಜರ್ ಬಯ್ಯಲಿಲ್ಲ. ನಕ್ಕ.

ಮರುದಿನ ಬೆಳಿಗ್ಗೆ ಗಾರೆಯವನು ಇಟ್ಟಿಗೆ ಹೊತ್ತುಕೊಂಡು ಇಳಿದು ಬಂದ. ಹಿಂದೆಯೇ ಮ್ಯಾನೇಜರ್.

"ಕಿಟಕಿ ಮುಚ್ಚು. ಗಾಳಿ ಜಾಸ್ತಿಯಾಗಿ ತಲೆಗೇರಿದೆ ಇವಕ್ಕೆ."

ಇಸ್ತ್ರಿಯವಳು ಬೇಕಮ್ಮನ ಮುಂದೆ ಬಂದು ನಿಂತಳು. "ನಂಗೆ ಗಾಳಿ ಸಾಕಾಗಿತ್ತು ಕಣೇ. ನಿನ್ನ ಆಸೆಗೆ ನನ್ನ ಉಸಿರು ಕೊಡ್ಬೇಕಾ?"

ನಿಜವೇ ಅಲ್ಲವೇ? ಕೇಳದೆ ಇದ್ದಿದ್ದರೆ ಕಿಟಕಿಯಾದರೂ ಉಳಿಯುತ್ತಿತ್ತು. ಗಾರೆಯವನು ಸಿಮೆಂಟು ಕಲಸುವುದನ್ನೇ ನೋಡುತ್ತ ಬೇಕಮ್ಮ ಶೀಟಿನ ತನ್ನ ತುದಿ ಎತ್ತಿ ಹಿಡಿದಳು.

ಅತ್ತಿಗೆ ತನ್ನ ತುದಿ ಕೈಬಿಟ್ಟಳು. ಶೀಟು ಒದ್ದೆ ನೆಲಕ್ಕೆ ಬಿತ್ತು. ಸೀರೆ ಎತ್ತಿ ಕಟ್ಟಿ, ಬೋರಲು ಹಾಕಿದ ಡ್ರಮ್ಮಿನ ಮೇಲೆ ಹತ್ತಿ, ಕಿಟಕಿಯಲ್ಲಿ ಕೂತು ಎರಡೂ ಕಾಲು ಹೊರಗೆ ಹಾಕಿದಳು.

"ಅಯ್ಯಯ್ಯೋ, ಏನ್ ತಂಪು ಕಣ್ರೇ!"

"ಇಳಿಯೇ, ಲೌಡಿ!" ಮ್ಯಾನೇಜರ್ ಅರಚಿದ. "ಎಲ್ಲರನ್ನೂ ಕಿತ್ತು ಬಿಸಾಕ್ತೀನಿ!"

"ಮೊದ್ಲು ನನ್ನ ಇಲ್ಲಿಂದ ಕೀಳು ಬಾ, ನೋಡೋಣ!"

ಇಸ್ತ್ರಿಯವಳು ಬೇಕಮ್ಮನನ್ನು ನೋಡಿದಳು, ಕಿಟಕಿಯನ್ನು ನೋಡಿದಳು. "ಸ್ವಲ್ಪ ಅತ್ಲಾಗೆ ಸರಿಯೇ," ಎನ್ನುತ್ತ ತಾನೂ ಹತ್ತಿದಳು. ಅವಳ ಹಿಂದೆ ಬೇಕಮ್ಮ. ಕಿಟಕಿ ಇದ್ದದ್ದು ಇಬ್ಬರಿಗೆ. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಬಿಕ್ಕಳಿಕೆ ಬರುವಷ್ಟು ನಕ್ಕರು. ಕೆಳಗಿದ್ದವರು ಕೆಲಸ ಬಿಟ್ಟು ಅವರ ಸುತ್ತ ನೆರೆದರು. ಉರುಳೆಗೆ ಸಿಕ್ಕಿಕೊಂಡ ಶೀಟೊಂದು ಸೀದು ಹೊಗೆಯಾಡಿತು. ಮ್ಯಾನೇಜರ್ ಪೊಲೀಸರಿಗೆ ಫೋನು ಮಾಡಲು ಮೇಲೆ ಓಡಿದ.

"ಅಕ್ಕಾ, ಸಿಮೆಂಟು ಗಟ್ಟಿಯಾಗ್ತಿದೆ," ಎಂದ ಗಾರೆಯವನು.

"ಆಗ್ಲಿ ಬಿಡಣ್ಣ," ಎಂದಳು ಅತ್ತಿಗೆ ಕಿಟಕಿಯಿಂದಲೇ.

ಅವನು ಸಿಮೆಂಟಿನ ಬಾಣಲೆಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬೀಡಿ ಹಚ್ಚಿದ.